ಮನೆಯಲ್ಲೇ ಸೆಂಟರ್ ಸ್ಪೀಕರ್: ಎರಡು ಫುಲ್‌ರೇಂಜ್ ಡ್ರೈವರ್ ಅಕ್ಕಪಕ್ಕ ಇಡಬಹುದೇ?

ದನಿಪೆಟ್ಟಿಗೆ:
ಕೋಣೆ 14×11 ಅಡಿ, ಗೋಡೆಗೆ 55 ಇಂಚಿನ ಟಿವಿ, ಅದರ ಕೆಳಗೆ ಅರ್ಧ ಮೀಟರ್ ಎತ್ತರದ ಕಪಾಟು. ಮೂವರು ಕೂರುವ ಸೋಫಾ 2.5 ಮೀಟರ್ ದೂರದಲ್ಲಿದೆ. ಎವಿ ರಿಸೀವರ್ (ಸ್ಪೀಕರ್‌ಗಳಿಗೆ ದನಿ ಹಂಚುವ ಆಂಪ್ಲಿಫಯರ್) ಇದೆ, ಕನಿಷ್ಠ 6 ಓಮ್ ಲೋಡ್ ಎಂದು ಹಿಂಬದಿಯಲ್ಲಿ ಬರೆದಿದೆ. ಸಬ್‌ವೂಫರ್ ಇದೆ. ಸಂಭಾಷಣೆ ಸ್ಪಷ್ಟವಾಗಿ ಕೇಳಬೇಕು ಎಂಬುದೊಂದೇ ಉದ್ದೇಶ. 3 ಅಥವಾ 3.5 ಇಂಚಿನ ಎರಡು ಫುಲ್‌ರೇಂಜ್ ಡ್ರೈವರ್ (ತಗ್ಗಿನಿಂದ ಎತ್ತರದವರೆಗಿನ ದನಿಯನ್ನು ಒಂದೇ ಕೋನ್‌ನಿಂದ ನುಡಿಸುವ ಸ್ಪೀಕರ್ ಘಟಕ) ತಂದು ಒಂದೇ ಅಡ್ಡ ಪೆಟ್ಟಿಗೆಯಲ್ಲಿ ಕೂರಿಸಿ, ಪ್ಯಾರಲಲ್ ಜೋಡಿಸಿದರೆ ಸಾಕೇ? ಎತ್ತರದ ದನಿಗೆಂದು ಬೇರೆ ಟ್ವೀಟರ್ ಇಲ್ಲದ ಕಾರಣ, ದನಿಯನ್ನು ಡ್ರೈವರ್‌ಗಳಿಗೆ ಹಂಚುವ ಕ್ರಾಸ್‌ಓವರ್‌ನ ತಲೆನೋವು ಇರುವುದಿಲ್ಲ ಎಂಬುದು ನನ್ನ ಲೆಕ್ಕ. ಪೆಟ್ಟಿಗೆ ಮುಚ್ಚಿದ್ದಿರಬೇಕೋ ಪೋರ್ಟ್ (ಗಾಳಿ ಹೊರಬರುವ ಕೊಳವೆ) ಇರಬೇಕೋ? ಡ್ರೈವರ್ ಇನ್ನೂ ಕೊಂಡಿಲ್ಲ.

ಅಲೆ_ಅಳತೆ:
ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಎರಡನ್ನೂ ಪೂರ್ತಿ ರೇಂಜಿನಲ್ಲಿ ಅಕ್ಕಪಕ್ಕ ನುಡಿಸಬೇಡಿ. ಮಧ್ಯದಲ್ಲಿ ಕೂತವರಿಗೆ ಎರಡೂ ಡ್ರೈವರ್‌ಗಳ ದೂರ ಒಂದೇ, ಆದ್ದರಿಂದ ಅವರಿಗೆ ತೊಂದರೆ ಕಾಣಿಸದು. ಸೋಫಾದ ತುದಿಯಲ್ಲಿ ಕೂತವರಿಗೆ ಒಂದು ಡ್ರೈವರ್ ಹತ್ತಿರ, ಇನ್ನೊಂದು ದೂರ. ಆ ಅಂತರ ಅರ್ಧ ತರಂಗಾಂತರಕ್ಕೆ ಸಮವಾದ ಕಡೆ ಎರಡೂ ಒಂದನ್ನೊಂದು ಅಳಿಸುತ್ತವೆ.

ನಿಮ್ಮ ಅಳತೆಗೇ ಲೆಕ್ಕ ಹಾಕೋಣ. ಡ್ರೈವರ್‌ಗಳ ಕೇಂದ್ರಗಳ ನಡುವೆ 10 ಸೆಂ.ಮೀ. ಇದೆ ಎನ್ನಿ. 2.5 ಮೀಟರ್ ದೂರದಲ್ಲಿ 90 ಸೆಂ.ಮೀ. ಪಕ್ಕಕ್ಕೆ ಸರಿದು ಕೂತರೆ ಕೋನ ಸುಮಾರು 20 ಡಿಗ್ರಿ. ದಾರಿಯ ವ್ಯತ್ಯಾಸ 10 × ಸೈನ್ 20, ಅಂದರೆ 3.4 ಸೆಂ.ಮೀ. ಅದರ ದುಪ್ಪಟ್ಟು 6.8 ಸೆಂ.ಮೀ. ತರಂಗಾಂತರವೆಂದರೆ ಸುಮಾರು 5000 ಹರ್ಟ್ಸ್. ಅಲ್ಲೇ ದನಿ ಅಳಿಸಿಹೋಗಿ ಗುಂಡಿ ಬೀಳುತ್ತದೆ. ಕೋನ 30 ಡಿಗ್ರಿ ಆದರೆ ಗುಂಡಿ 3400 ಹರ್ಟ್ಸ್‌ಗೆ ಇಳಿಯುತ್ತದೆ. ಡ್ರೈವರ್‌ಗಳನ್ನು 'ಚಂದ ಕಾಣಲಿ' ಎಂದು ಪೆಟ್ಟಿಗೆಯ ಎರಡು ತುದಿಗೆ ತಳ್ಳಿ 25 ಸೆಂ.ಮೀ. ದೂರ ಇಟ್ಟರೆ 20 ಡಿಗ್ರಿಯಲ್ಲೇ ಗುಂಡಿ 2000 ಹರ್ಟ್ಸ್‌ಗೆ ಬರುತ್ತದೆ. ವ್ಯಂಜನಗಳ ಸ್ಪಷ್ಟತೆ ಇರುವುದೇ 2000ದಿಂದ 5000 ಹರ್ಟ್ಸ್ ನಡುವೆ. 'ಶ'ಗೂ 'ಸ'ಗೂ ವ್ಯತ್ಯಾಸ ಅಲ್ಲಿ ಕೇಳುತ್ತದೆ. ಸೆಂಟರ್ ಸ್ಪೀಕರ್ ಯಾವ ಕೆಲಸಕ್ಕೆ ಬೇಕೋ ಆ ಕೆಲಸವೇ ಕೆಡುತ್ತದೆ.

ಸ್ಪೀಕರ್ ವಿನ್ಯಾಸಕ ಜೋಸೆಫ್ ಡಿ'ಅಪೊಲಿಟೊ 1983ರಲ್ಲಿ ಮುಂದಿಟ್ಟ ವೂಫರ್-ಟ್ವೀಟರ್-ವೂಫರ್ ಜೋಡಣೆ ಕೂಡ ನಿಲ್ಲಿಸಿ ಬಳಸಲೆಂದೇ ಇದ್ದದ್ದು. ಅದನ್ನು ಮಲಗಿಸಿ ಟಿವಿ ಕೆಳಗೆ ಇಡುವ ರೂಢಿ ಬಂದದ್ದು ಜಾಗದ ಅನುಕೂಲಕ್ಕೆ.

ಎರಡು_ಕಿವಿ:
ರಿಸೀವರ್‌ನ ರೂಮ್ ಕರೆಕ್ಷನ್ (ಮೈಕ್‌ನಲ್ಲಿ ಅಳೆದು ದನಿ ಹೊಂದಿಸುವ ಸೌಲಭ್ಯ) ಅದನ್ನೆಲ್ಲ ಸರಿಪಡಿಸುತ್ತದಲ್ಲವೇ? ಗುಂಡಿ ಇರುವ ಕಡೆ ಎತ್ತಿದರಾಯಿತು.

ಅಲೆ_ಅಳತೆ:
ಆಗದು. ಎಡ ತುದಿಯ ಕುರ್ಚಿಯಲ್ಲಿ 5000ಕ್ಕೆ ಗುಂಡಿ, ಮಧ್ಯದ ಕುರ್ಚಿಯಲ್ಲಿ ಗುಂಡಿಯೇ ಇಲ್ಲ. ಅಲ್ಲಿ ಎತ್ತಿದರೆ ಮಧ್ಯದವರ ಕಿವಿಗೆ ಚುಚ್ಚುತ್ತದೆ. ಇನ್ನು ಪೂರ್ತಿ ಅಳಿಸಿಹೋದ ಜಾಗದಲ್ಲಿ ಎರಡೂ ಡ್ರೈವರ್‌ಗಳಿಗೆ ಎಷ್ಟು ಪವರ್ ಸುರಿದರೂ ಎರಡೂ ಅಷ್ಟೇ ಜೋರಾಗಿ ಒಂದನ್ನೊಂದು ಅಳಿಸುತ್ತಲೇ ಇರುತ್ತವೆ. ಈಕ್ವಲೈಜರ್ ಬದಲಿಸುವುದು ವಿದ್ಯುತ್ ಸಂಕೇತವನ್ನು, ಜ್ಯಾಮಿತಿಯನ್ನಲ್ಲ.

ಬೀಟೆಮರ:
ಹಾಗಾದರೆ ಒಂದೇ ಡ್ರೈವರ್ ಹಾಕಲಿ. ಅತಿ ಸರಳ, ಎಲ್ಲ ಕುರ್ಚಿಗೂ ಒಂದೇ ದನಿ.

ಸುರುಳಿ_ತಂತಿ:
ಚಿಕ್ಕ ಕೋಣೆಗೆ, ಮೆಲ್ಲಗೆ ಕೇಳುವವರಿಗೆ ಒಂದು ಡ್ರೈವರ್ ನಿಜಕ್ಕೂ ಸಾಕು. ಮಿತಿ ಎಲ್ಲಿದೆ ಎಂದು ಮಾತ್ರ ತಿಳಿದಿರಲಿ. 3 ಇಂಚಿನ ಡ್ರೈವರ್‌ನ ಕೋನ್ ವಿಸ್ತೀರ್ಣ ಸುಮಾರು 30 ಚದರ ಸೆಂ.ಮೀ., ಒಂದು ದಿಕ್ಕಿಗೆ ಚಲನೆ 2.5 ಮಿ.ಮೀ. ಎಂದಿಟ್ಟುಕೊಂಡರೆ, ಹಿಂದೆ ಗೋಡೆಯ ಆಸರೆ ಇದ್ದಾಗ 1 ಮೀಟರ್‌ನಲ್ಲಿ 100 ಹರ್ಟ್ಸ್‌ಗೆ ಸಿಗುವುದು 86 ಡೆಸಿಬೆಲ್, 150 ಹರ್ಟ್ಸ್‌ಗೆ 93, 200ಕ್ಕೆ 98. ಎಷ್ಟೇ ವ್ಯಾಟ್ ಇದ್ದರೂ ಅಷ್ಟೇ, ಕೋನ್ ಅದಕ್ಕಿಂತ ಮುಂದೆ ಹೋಗದು. ಎರಡು ಡ್ರೈವರ್ ಆದರೆ ಪ್ರತಿ ಅಂಕಿಗೂ 6 ಸೇರಿಸಿ. ಗಂಡು ದನಿಯ ಮೂಲ ಸ್ವರ 100ರಿಂದ 150 ಹರ್ಟ್ಸ್ ಆಸುಪಾಸು. ಆ 6 ಡೆಸಿಬೆಲ್ ಅಲ್ಲಿ ಬೆಲೆಬಾಳುತ್ತದೆ.

ಆದ್ದರಿಂದ ನನ್ನ ಸಲಹೆ ಒಂದೂವರೆ-ವೇ ಜೋಡಣೆ. ಡ್ರೈವರ್ 'ಎ' ಪೂರ್ತಿ ರೇಂಜ್ ನುಡಿಸಲಿ. ಡ್ರೈವರ್ 'ಬಿ'ಗೆ ಸಾಲಾಗಿ ಒಂದು ಕಾಯಿಲ್ ಹಾಕಿ ಸುಮಾರು 700 ಹರ್ಟ್ಸ್‌ನಿಂದ ಮೇಲೆ ಇಳಿಸಿಬಿಡಿ. ಕೆಳಗಿನ ಭಾರವನ್ನು ಎರಡೂ ಹೊರುತ್ತವೆ, ಮೇಲಿನದು ಒಂದೇ ಬಿಂದುವಿನಿಂದ ಬರುತ್ತದೆ, ಬಾಚಣಿಗೆ ಹಲ್ಲಿನ ಗುಂಡಿಗಳು ಹೋಗುತ್ತವೆ. ಇನ್ನೊಂದು ಲಾಭ: ಕಿರಿದಾದ ಮುಖಫಲಕದ ಸ್ಪೀಕರ್ ಕೆಳ ಆವರ್ತನದಲ್ಲಿ ಶಬ್ದವನ್ನು ಹಿಂದಕ್ಕೂ ಚೆಲ್ಲುತ್ತದೆ, ಅದಕ್ಕೆ ಬ್ಯಾಫಲ್ ಸ್ಟೆಪ್ ಎನ್ನುತ್ತೇವೆ. ಆ ನಷ್ಟದ ಮಧ್ಯಬಿಂದು 115ನ್ನು ಫಲಕದ ಅಗಲದಿಂದ (ಮೀಟರ್‌ನಲ್ಲಿ) ಭಾಗಿಸಿದರೆ ಬರುತ್ತದೆ. 14.6 ಸೆಂ.ಮೀ.ಗೆ 790 ಹರ್ಟ್ಸ್, 38 ಸೆಂ.ಮೀ.ಗೆ 300. ಅಡ್ಡ ಪೆಟ್ಟಿಗೆಯಲ್ಲಿ ಇಳಿಜಾರು ಈ ಎರಡರ ನಡುವೆ ಹರಡಿಕೊಳ್ಳುತ್ತದೆ. ಎರಡನೆಯ ಡ್ರೈವರ್ ಅದನ್ನೇ ತುಂಬಿಕೊಡುತ್ತದೆ.

ದನಿಪೆಟ್ಟಿಗೆ:
ಇದು ಇಷ್ಟವಾಯಿತು. ಆದರೆ ಎರಡು 8 ಓಮ್ ಪ್ಯಾರಲಲ್ ಆದರೆ 4 ಓಮ್. ನನ್ನ ರಿಸೀವರ್ 6 ಕೇಳುತ್ತದೆ. ಸೀರೀಸ್ ಮಾಡಲೇ?

ಸುರುಳಿ_ತಂತಿ:
ಒಂದೂವರೆ-ವೇನಲ್ಲಿ ಸೀರೀಸ್ ಬೇಡ. ಸೀರೀಸ್‌ನಲ್ಲಿ 'ಬಿ'ಯನ್ನು ಮೇಲೆ ಇಳಿಸಬೇಕಾದರೆ ಅದಕ್ಕೆ ಅಡ್ಡಲಾಗಿ ದೊಡ್ಡ ಕೆಪಾಸಿಟರ್ ಕಟ್ಟಬೇಕು, ಒಂದು ಡ್ರೈವರ್‌ನ ಇಂಪೀಡೆನ್ಸ್ (ಓಮ್‌ನಲ್ಲಿ ಅಳೆಯುವ ವಿದ್ಯುತ್ ತಡೆ) ಏರಿಳಿತ ಇನ್ನೊಂದರ ಮೇಲೆ ಕೂರುತ್ತದೆ. ಆಗದ ಕೆಲಸವಲ್ಲ, ಮೊದಲ ಪೆಟ್ಟಿಗೆಗೆ ಹೇಳಿಸಿದ್ದಲ್ಲ.

16 ಓಮ್ ಆವೃತ್ತಿ ಸಿಗುವ ಡ್ರೈವರ್ ನೋಡಿ. ಫೈಟಲ್‌ಪ್ರೊ 3ಎಫ್‌ಇ25 ಆ ಇಂಪೀಡೆನ್ಸ್‌ನಲ್ಲೂ ಬರುತ್ತದೆ. ಎರಡು 16 ಪ್ಯಾರಲಲ್ ಆದರೆ 8 ಓಮ್, ರಿಸೀವರ್‌ಗೆ ಆರಾಮ. ಮೇಲಿನ ಭಾಗದಲ್ಲಿ ಒಂದೇ 16 ಓಮ್ ಡ್ರೈವರ್ ಉಳಿಯುವುದರಿಂದ ಅದೇ ವೋಲ್ಟೇಜಿಗೆ 8 ಓಮ್ ಆವೃತ್ತಿಗಿಂತ ಸುಮಾರು 3 ಡೆಸಿಬೆಲ್ ಕಡಿಮೆ. ರಿಸೀವರ್‌ನ ಸೆಂಟರ್ ಲೆವೆಲ್‌ನಲ್ಲಿ ಅಷ್ಟು ಏರಿಸಿದರೆ ಮುಗಿಯಿತು.

ಈಗ ಕಾಯಿಲ್ ಲೆಕ್ಕ. 'ಬಿ'ಗೆ ಬರೀ ಕಾಯಿಲ್ ಇದ್ದರೆ: 16 ÷ (6.28 × 700) = 3.6 ಮಿಲಿಹೆನ್ರಿ. ಆದರೆ ಕಪಾಟಿನ ಮೇಲೆ, ಗೋಡೆಯ ಹತ್ತಿರ ಇಡುವ ಸ್ಪೀಕರ್‌ಗೆ ಪೂರ್ತಿ 6 ಡೆಸಿಬೆಲ್ ಏರಿಕೆ ಜಾಸ್ತಿಯಾಗುತ್ತದೆ, ಸಂಭಾಷಣೆ ಡಬ್ಬದೊಳಗಿಂದ ಬಂದ ಹಾಗೆ ಗುಂಯ್‌ಗುಡುತ್ತದೆ. 'ಬಿ'ಗೆ ಸಾಲಾಗಿ 6.8 ಓಮ್ ಸೇರಿಸಿದರೆ ಅದರ ಪಾಲು ಸುಮಾರು 0.7ಕ್ಕೆ ಇಳಿದು, ಒಟ್ಟು ಏರಿಕೆ 4.6 ಡೆಸಿಬೆಲ್ ಆಗುತ್ತದೆ. ಇಲ್ಲಿ ಬಹಳ ಮಂದಿ ಮರೆಯುವ ಒಂದು ಸಂಗತಿ: ರೆಸಿಸ್ಟರ್ ಸೇರಿಸಿದೊಡನೆ ಒಟ್ಟು 22.8 ಓಮ್ ಆಗಿ ಇಳಿಯುವ ಬಿಂದು ಮೇಲಕ್ಕೆ ಓಡುತ್ತದೆ. 3.6 ಮಿಲಿಹೆನ್ರಿಯೇ ಉಳಿಸಿಕೊಂಡರೆ ಅದು 1000 ಹರ್ಟ್ಸ್. ಹಾಗಾಗಿ ಕಾಯಿಲ್ 4.7 ಮಿಲಿಹೆನ್ರಿಗೆ (770 ಹರ್ಟ್ಸ್) ಅಥವಾ 5.6ಕ್ಕೆ (650 ಹರ್ಟ್ಸ್) ಏರಬೇಕು.

ದೊಡ್ಡ ಕಾಯಿಲ್ ಎಂದರೆ ದುಬಾರಿ ಎಂದು ಹೆದರಬೇಡಿ. ಹೇಗಿದ್ದರೂ ರೆಸಿಸ್ಟರ್ ಹಾಕುತ್ತಿದ್ದೇವೆ, ಆದ್ದರಿಂದ ತೆಳು ತಂತಿಯ ಅಗ್ಗದ ಕಾಯಿಲ್ ಸಾಕು. ಮಲ್ಟಿಮೀಟರ್‌ನಲ್ಲಿ ಕಾಯಿಲ್ 1.5 ಓಮ್ ತೋರಿಸಿದರೆ, ರೆಸಿಸ್ಟರ್ 6.8 ಬದಲು 5.6 ಹಾಕಿ. 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಫೈಬರ್ ತುಂಬುವ ಜಾಗದಿಂದ ದೂರ, ಮರದಿಂದ ಸ್ವಲ್ಪ ಎತ್ತರಿಸಿ ಕೂರಿಸಿ.

ಬೀಟೆಮರ:
ಪೆಟ್ಟಿಗೆಯ ವಿಷಯ ನಾನು ಹೇಳುತ್ತೇನೆ. ಮುಚ್ಚಿದ ಪೆಟ್ಟಿಗೆಯೇ ಇರಲಿ, ಪೋರ್ಟ್ ಬೇಡ. ಮುಚ್ಚಿದ ಪೆಟ್ಟಿಗೆ ಕೆಳಗೆ ತಾನಾಗಿ ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯುತ್ತದೆ. ರಿಸೀವರ್‌ನ ಹೈಪಾಸ್ (ತಗ್ಗು ದನಿ ತಡೆಯುವ ಫಿಲ್ಟರ್) ಸಾಮಾನ್ಯವಾಗಿ ಇನ್ನೊಂದು 12. ಎರಡೂ ಒಂದೇ ಆವರ್ತನದಲ್ಲಿ ಕೂತರೆ ಒಟ್ಟು 24 ಆಗಿ, ಸಬ್‌ವೂಫರ್‌ನ 24 ಡೆಸಿಬೆಲ್ ಲೋಪಾಸ್ (ಎತ್ತರದ ದನಿ ತಡೆಯುವ ಫಿಲ್ಟರ್) ಜೊತೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಪೋರ್ಟ್ ಇದ್ದರೆ ಈ ಲೆಕ್ಕ ತಪ್ಪುತ್ತದೆ, ಪೋರ್ಟ್ ಟ್ಯೂನಿಂಗ್‌ಗಿಂತ ಕೆಳಗೆ ಕೋನ್ ಹಿಡಿತವಿಲ್ಲದೆ ಕುಣಿಯುತ್ತದೆ.

ಗಾತ್ರಕ್ಕೆ ಡೇಟಾಶೀಟ್‌ನಲ್ಲಿ ಎಫ್‌ಎಸ್ (ಡ್ರೈವರ್ ತಾನಾಗಿ ಕಂಪಿಸುವ ಆವರ್ತನ), ಕ್ಯೂಟಿಎಸ್ (ಆ ಕಂಪನಕ್ಕೆ ಎಷ್ಟು ಹಿಡಿತವಿದೆ ಎಂಬ ಅಂಕಿ), ವಿಎಎಸ್ (ಕೋನ್‌ನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ) ನೋಡಿ. ಉದಾಹರಣೆಗೆ ಎಫ್‌ಎಸ್ 100, ಕ್ಯೂಟಿಎಸ್ 0.5, ವಿಎಎಸ್ 2 ಲೀಟರ್ ಇರುವ ಡ್ರೈವರ್: ಪೆಟ್ಟಿಗೆಯಲ್ಲಿ ಆ ಕ್ಯೂ 0.707 ಆಗಬೇಕೆಂದರೆ ಅದಕ್ಕೂ ಕ್ಯೂಟಿಎಸ್‌ಗೂ ಅನುಪಾತ 1.414, ಅದರ ವರ್ಗ 2, ಒಂದನ್ನು ಕಳೆದರೆ 1. ಅಂದರೆ ಪೆಟ್ಟಿಗೆ ವಿಎಎಸ್‌ನಷ್ಟೇ, ಡ್ರೈವರ್‌ಗೆ 2 ಲೀಟರ್. ಪೆಟ್ಟಿಗೆಯೊಳಗಿನ ರೆಸೊನೆನ್ಸ್ 141 ಹರ್ಟ್ಸ್. ರಿಸೀವರ್‌ನಲ್ಲಿ ಕ್ರಾಸ್‌ಓವರ್ 150. ನಿಮ್ಮ ಡ್ರೈವರ್‌ನ ಅಂಕಿಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿ, ಈ ಲೆಕ್ಕದ ತಂತ್ರಾಂಶ ವಿನ್‌ಐಎಸ್‌ಡಿ ಉಚಿತ.

ಈ ಉದಾಹರಣೆಗೆ 18 ಮಿ.ಮೀ. ಪ್ಲೈವುಡ್ ಕಟಿಂಗ್ ಹೀಗೆ: ಮುಂದಿನ ಮತ್ತು ಹಿಂದಿನ ಫಲಕ 38 × 14.6 ಸೆಂ.ಮೀ., ಎರಡು ತುಂಡು. ಮೇಲೆ-ಕೆಳಗೆ 38 × 12, ಎರಡು. ಪಕ್ಕಕ್ಕೆ 11 × 12, ಎರಡು. ನಡುವಿನ ತಡೆಗೆ 9 ಮಿ.ಮೀ. ಪ್ಲೈ, 11 × 12, ಒಂದು. ಒಂದೊಂದು ಕೋಣೆ 2.2 ಲೀಟರ್ ಬರುತ್ತದೆ, ಡ್ರೈವರ್‌ನ ಬೆನ್ನು ಮತ್ತು ಕಾಯಿಲ್ ಜಾಗ ಕಳೆದರೆ 2 ಲೀಟರ್ ಉಳಿಯುತ್ತದೆ. ತಡೆ ಬೇಕೇ ಬೇಕು. 'ಎ' ಮತ್ತು 'ಬಿ' 700ರ ಮೇಲೆ ಒಂದೇ ರೀತಿ ಚಲಿಸುವುದಿಲ್ಲ, ಒಂದೇ ಗಾಳಿ ಹಂಚಿಕೊಂಡರೆ ಒಂದು ಇನ್ನೊಂದನ್ನು ತಳ್ಳುತ್ತದೆ. ತಡೆಗೆ 18ರ ಬದಲು 9 ಮಿ.ಮೀ. ಹೇಳಿದ್ದು ಯಾಕೆಂದರೆ, ಕೇಂದ್ರಗಳು 10 ಸೆಂ.ಮೀ. ದೂರದಲ್ಲಿದ್ದು ತೂತು 7.5 ಸೆಂ.ಮೀ. ಆದರೆ ನಡುವೆ ಉಳಿಯುವುದು 2.5 ಸೆಂ.ಮೀ. ಮಾತ್ರ. 9 ಮಿ.ಮೀ. ಹಾಕಿದರೆ ಎರಡೂ ಬದಿಗೆ 8 ಮಿ.ಮೀ. ಉಸಿರಾಡಲು ಜಾಗ ಸಿಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. 18 ಮಿ.ಮೀ. ಹಲಗೆಯಲ್ಲಿ 7.5 ಸೆಂ.ಮೀ. ತೂತು ಎಂದರೆ ಅದೊಂದು ಕೊಳವೆ. ಚಿಕ್ಕ ಡ್ರೈವರ್‌ನ ಬುಟ್ಟಿಯ ಕಿಂಡಿಗಳು ಆ ಕೊಳವೆಯ ಗೋಡೆಗೆ ಮುಖ ಮಾಡಿರುತ್ತವೆ, ಹಿಂದಿನ ಗಾಳಿ ಸಿಕ್ಕಿಕೊಂಡು ಮಧ್ಯದ ದನಿ ಮೂಗಿನಿಂದ ಬಂದಂತಾಗುತ್ತದೆ. ತೂತಿನ ಹಿಂಭಾಗವನ್ನು ರೌಟರ್‌ನಲ್ಲಿ 45 ಡಿಗ್ರಿಗೆ ಚಾಂಫರ್ ಮಾಡಿ, ರೌಟರ್ ಇಲ್ಲದಿದ್ದರೆ ಅರ್ಧವೃತ್ತ ಅರದಿಂದ ಉಜ್ಜಿ. ಮುಂದೆ ಸ್ಕ್ರೂ ಕಚ್ಚುವ ನಾಲ್ಕು ಜಾಗದಲ್ಲಿ ಮಾತ್ರ ಪೂರ್ತಿ ದಪ್ಪ ಉಳಿಸಿ. ತಡೆ ಇರುವ ಬದಿಯಲ್ಲಿ ಚಾಂಫರ್ ತಡೆಯವರೆಗೆ ಬಂದು ನಿಲ್ಲಲಿ, ಇಲ್ಲದಿದ್ದರೆ ಅಲ್ಲಿ ಸಂದಿ ಬಿದ್ದು ಎರಡು ಕೋಣೆ ಒಂದಾಗುತ್ತವೆ.

ಕಡಲತೀರ:
ಕರಾವಳಿ, ಮಲೆನಾಡಿನವರು ಸಾದಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಳಸಬೇಡಿ. ಮಳೆಗಾಲದ ತೇವಕ್ಕೆ ಅಂಚು ಉಬ್ಬಿ ಕೂಡುಗೆರೆ ಬಿಡುತ್ತದೆ. ಐಎಸ್ 710 ಗುರುತಿನ ಮರೀನ್ ಪ್ಲೈ ಅಥವಾ ತೇವ ತಡೆಯುವ ದಟ್ಟವಾದ ಎಚ್‌ಡಿಎಚ್‌ಎಂಆರ್ ಹಲಗೆ ಉತ್ತಮ. ಎಚ್‌ಡಿಎಚ್‌ಎಂಆರ್‌ನಲ್ಲಿ ಕತ್ತರಿಸಿದ ಅಂಚು, ಡ್ರೈವರ್ ತೂತಿನ ಒಳಮೈ ಇವಕ್ಕೂ ಸೀಲರ್ ಬಳಿಯಬೇಕು. ಅಗ್ಗದ ಪ್ಲೈನಲ್ಲಿ ಒಳಪದರದ ಟೊಳ್ಳು ಇರುತ್ತದೆ, ಕತ್ತರಿಸಿದಾಗ ಕಂಡರೆ ಅಂಟು ಮತ್ತು ಮರದ ಪುಡಿ ಕಲಸಿ ತುಂಬಿ. ಬಿಟ್ಟರೆ ಗಾಳಿ ಅಲ್ಲಿಂದ ಸೋರಿ 'ಸುಯ್' ಎನ್ನುತ್ತದೆ.

ಅಲೆ_ಅಳತೆ:
ಒಳಗಿನ ತುಂಬುವಿಕೆಯ ಬಗ್ಗೆ ಒಂದು ಮಾತು. 12 ಸೆಂ.ಮೀ. ಆಳಕ್ಕೆ ಒಳಗಿನ ನಿಂತ ಅಲೆ (ಎದುರುಬದುರು ಫಲಕಗಳ ನಡುವೆ ಪುಟಿದು ಗುನುಗುವ ದನಿ) 1430 ಹರ್ಟ್ಸ್, 16.7 ಸೆಂ.ಮೀ. ಉದ್ದಕ್ಕೆ 1025, 11 ಸೆಂ.ಮೀ. ಎತ್ತರಕ್ಕೆ 1560. ಮೂರೂ ಮಾತಿನ ಮಧ್ಯಕ್ಕೇ ಬೀಳುತ್ತವೆ. ಫುಲ್‌ರೇಂಜ್‌ನ ಕಾಗದದ ಕೋನ್ ತೆಳು, ಹಿಂದಿನ ಫಲಕಕ್ಕೆ ಬಡಿದು ಬಂದ ಶಬ್ದ ಅದರೊಳಗಿಂದಲೇ ಹೊರಬರುತ್ತದೆ. ಆದ್ದರಿಂದ ಹಿಂದಿನ ಫಲಕಕ್ಕೆ 10-12 ಮಿ.ಮೀ. ಉಣ್ಣೆಯ ಫೆಲ್ಟ್ ಅಂಟಿಸಿ, ದಿಂಬಿಗೆ ತುಂಬುವ ರೆಕ್ರಾನ್ ಫೈಬರ್ ಒಂದೊಂದು ಕೋಣೆಗೆ 20ರಿಂದ 30 ಗ್ರಾಂ ಬಿಡಿಸಿ ಹಾಕಿ. ಕೈಯಿಂದ ಒತ್ತಿ ತುರುಕಬೇಡಿ. ಡ್ರೈವರ್ ಬುಟ್ಟಿಗೆ ಎಳೆ ಸಿಕ್ಕದಂತೆ ತೆಳು ಬಟ್ಟೆಯ ಪರದೆ ಇರಲಿ.

ದನಿಪೆಟ್ಟಿಗೆ:
ಜೋಡಿಸುವಾಗ ಗಮನಿಸಬೇಕಾದ್ದು?

ಬೀಟೆಮರ:
ತೂತು ಕೊರೆಯುವ, ಉಜ್ಜುವ ಕೆಲಸವೆಲ್ಲ ಮುಗಿದು ಪೆಟ್ಟಿಗೆ ಒರೆಸಿದ ಮೇಲೆ ಮಾತ್ರ ಡ್ರೈವರ್‌ಗಳನ್ನು ಪೊಟ್ಟಣದಿಂದ ತೆಗೆಯಿರಿ. ಕಬ್ಬಿಣದ ಪುಡಿ ಒಮ್ಮೆ ಅಯಸ್ಕಾಂತದ ಸಂದಿಗೆ ಹೋದರೆ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಸ್ಕ್ರೂಗೆ 2.5 ಮಿ.ಮೀ. ತೂತು ಮೊದಲೇ ಕೊರೆದಿರಿ. ಬಿಗಿಯುವಾಗ ಕೈ ಸ್ಕ್ರೂಡ್ರೈವರ್ ಬಳಸಿ, ಇನ್ನೊಂದು ಅಂಗೈಯನ್ನು ಕೋನ್‌ಗೆ ಅಡ್ಡ ಹಿಡಿಯಿರಿ. ಅಯಸ್ಕಾಂತ ತುದಿಯನ್ನು ಎಳೆಯುತ್ತದೆ, ಜಾರಿದರೆ ನೇರ ಕೋನ್ ಹರಿಯುತ್ತದೆ. ಚೌಕಟ್ಟಿನ ಹಿಂದೆ 2 ಮಿ.ಮೀ. ಫೋಮ್ ಪಟ್ಟಿ, ಎದುರುಬದುರು ಸ್ಕ್ರೂ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಸುರುಳಿ_ತಂತಿ:
ಬೆಸುಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಟ್ಯಾಗ್ ಕೂರಿಸಿದ ಪ್ಲಾಸ್ಟಿಕ್ ಕರಗುತ್ತದೆ. ಪೊಲಾರಿಟಿಗೆ 1.5 ವೋಲ್ಟ್ ಸೆಲ್‌ನಿಂದ ಒಂದು ಕ್ಷಣ ಮುಟ್ಟಿಸಿ: ಎರಡೂ ಕೋನ್ ಒಂದೇ ದಿಕ್ಕಿಗೆ, ಮುಂದಕ್ಕೆ ಬರಬೇಕು. ಒಂದು ಉಲ್ಟಾ ಆದರೆ 700ರ ಕೆಳಗಿನ ದನಿ ಬಹುಪಾಲು ಮಾಯವಾಗುತ್ತದೆ, ದೋಷ ಪೆಟ್ಟಿಗೆಯದ್ದೆಂದು ಜನ ವಾರಗಟ್ಟಲೆ ಹುಡುಕುತ್ತಾರೆ. ಸೋರಿಕೆಗೆ: ಕೋನ್‌ನ ಎರಡು ಬದಿಯನ್ನು ಬೆರಳತುದಿಯಿಂದ ಸಮವಾಗಿ, ಮೆಲ್ಲಗೆ ಒತ್ತಿ ಬಿಟ್ಟರೆ ನಿಧಾನಕ್ಕೆ ಮೇಲೆ ಬರಬೇಕು. ಚಂಗನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ 100ರಿಂದ 500 ಹರ್ಟ್ಸ್‌ವರೆಗೆ ಸೈನ್ ಸ್ವೀಪ್ (ನಿಧಾನಕ್ಕೆ ಏರುವ ಒಂಟಿ ಸ್ವರ) ಮೆಲ್ಲಗೆ ಓಡಿಸಿ, ಸಡಿಲ ತಂತಿ, ಕಾಯಿಲ್ ಇದ್ದರೆ ಜಿರ್‌ಗುಟ್ಟಿ ತಾವೇ ಹೇಳುತ್ತವೆ.

ಎರಡು_ಕಿವಿ:
ನನ್ನ ಎಡ-ಬಲ ಸ್ಪೀಕರ್ ವೂಫರ್, ಟ್ವೀಟರ್ ಎರಡೂ ಇರುವ ಸಾಮಾನ್ಯ ಎರಡು-ವೇ ಟವರ್. ಅವುಗಳ ಮಧ್ಯೆ ಫುಲ್‌ರೇಂಜ್ ಸೆಂಟರ್ ಹೊಂದುತ್ತದೆಯೇ?

ಅಲೆ_ಅಳತೆ:
ಕಾರು ಪರದೆಯ ಎಡದಿಂದ ಬಲಕ್ಕೆ ಹೋಗುವಾಗ ಮಧ್ಯದಲ್ಲಿ ದನಿಯ ಬಣ್ಣ ಸ್ವಲ್ಪ ಬದಲಾಗುವುದು ಕೇಳುತ್ತದೆ. ಅದು ಒಪ್ಪದಿದ್ದರೆ ಉತ್ತಮ ದಾರಿ ಮೂರೂ ಒಂದೇ ಬಗೆ ಕಟ್ಟುವುದು. ಮಧ್ಯದಲ್ಲಿ ಒಬ್ಬರೇ ಕೂತು ನೋಡುವ ಮನೆಯಾದರೆ ಸೆಂಟರ್ ಇಲ್ಲದೆಯೇ ಎಡ-ಬಲದಿಂದ ದನಿ ನಡುವೆ ಕೂರುತ್ತದೆ, ಆಗ ಈ ಕೆಲಸವೇ ಬೇಕಿಲ್ಲ. ಮೂವರು ಕೂರುವ ಸೋಫಾಕ್ಕೆ ಬೇಕು.

ದನಿಪೆಟ್ಟಿಗೆ:
ಫುಲ್‌ರೇಂಜ್‌ನಲ್ಲಿ 'ಸ'ಕಾರ ಚುಚ್ಚುತ್ತದೆ ಎನ್ನುತ್ತಾರೆ. ಆ ಒಂದು ಭಾಗವನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್ ಮೊದಲೇ ಹಾಕಿಡಲೇ?

ಅಲೆ_ಅಳತೆ:
ಅಳೆಯದೆ ಬೇಡ. ಹೆಚ್ಚಿನ ಫುಲ್‌ರೇಂಜ್‌ಗಳು ನೇರ ಎದುರಿಗೆ 5000ದಿಂದ 10000 ಹರ್ಟ್ಸ್ ನಡುವೆ ಏರುತ್ತವೆ, ಯಾಕೆಂದರೆ ಅಲ್ಲಿ ಕೋನ್ ತುಂಡುತುಂಡಾಗಿ ಕಂಪಿಸುತ್ತದೆ, ಜೊತೆಗೆ ಶಬ್ದ ಕಿರಿದಾದ ಕಂಬದಂತೆ ಮುಂದಕ್ಕೆ ಹೋಗುತ್ತದೆ. 6.2 ಸೆಂ.ಮೀ. ವ್ಯಾಸದ ಕೋನ್‌ಗೆ ತರಂಗಾಂತರ ವ್ಯಾಸಕ್ಕೆ ಸಮವಾಗುವುದು 5500 ಹರ್ಟ್ಸ್‌ನಲ್ಲಿ. 10-15 ಡಿಗ್ರಿ ಪಕ್ಕಕ್ಕೆ ಹೋದರೆ ಆ ಏರಿಕೆ ಒಂದಷ್ಟು ತಣ್ಣಗಾಗುತ್ತದೆ. ಅಂದರೆ ನಿಮ್ಮ ಮೊದಲ ಫಿಲ್ಟರ್ ಸ್ಪೀಕರ್‌ನ ಓರೆ. ಕಿವಿ 1 ಮೀಟರ್ ಎತ್ತರದಲ್ಲಿ, ಸ್ಪೀಕರ್ ಅರ್ಧ ಮೀಟರ್‌ನಲ್ಲಿ, ದೂರ 2.5: ನೇರ ಗುರಿ ಇಡಲು 11 ಡಿಗ್ರಿ ಓರೆ ಬೇಕು. 15.6 ಸೆಂ.ಮೀ. ಆಳದ ಪೆಟ್ಟಿಗೆಯ ಮುಂಭಾಗ 3 ಸೆಂ.ಮೀ. ಎತ್ತಿದರೆ ಅಷ್ಟಾಗುತ್ತದೆ. ಮೊದಲು ಅಲ್ಲಿಂದ ಶುರುಮಾಡಿ, ಚುಚ್ಚಿದರೆ 2, 1 ಎಂದು ಇಳಿಸುತ್ತ ಬನ್ನಿ. ಬಾಗಿಲಿಗೆ ಇಡುವ ರಬ್ಬರ್ ಬೆಣೆ ಸಾಕು. ಮುಖಫಲಕ ಕಪಾಟಿನ ಅಂಚಿಗೆ ಬರಲಿ. ಹಿಂದೆ ಸರಿದರೆ ಹಲಗೆಯ ಪ್ರತಿಫಲನ ಸೇರಿ ಮಾತು ಮಸುಕಾಗುತ್ತದೆ.

ಅಳೆಯಲು ಆರ್‌ಇಡಬ್ಲ್ಯೂ ತಂತ್ರಾಂಶ ಉಚಿತ, ಯುಮಿಕ್-1 ಥರದ ಯುಎಸ್‌ಬಿ ಮೈಕ್ ಸಾಕು. ಸ್ಪೀಕರನ್ನು ಕೋಣೆಯ ಮಧ್ಯೆ ಎತ್ತರದ ಸ್ಟೂಲ್ ಮೇಲಿಟ್ಟು 1 ಮೀಟರ್‌ನಿಂದ ಅಳೆದು, ಮೊದಲ ಪ್ರತಿಫಲನ ಬರುವ ಮುನ್ನ ಕತ್ತರಿಸಿ. ಪ್ರತಿಫಲನದ ದಾರಿ ನೇರ ದಾರಿಗಿಂತ 1.7 ಮೀಟರ್ ಹೆಚ್ಚು ಉದ್ದವಿದ್ದರೆ 5 ಮಿಲಿಸೆಕೆಂಡ್ ಸಿಗುತ್ತದೆ, 200 ಹರ್ಟ್ಸ್‌ಗಿಂತ ಮೇಲಿನ ಚಿತ್ರ ನಂಬಬಹುದು. 0, 15, 30 ಡಿಗ್ರಿ ಮೂರೂ ಅಳೆಯಿರಿ. ಮೂರರಲ್ಲೂ ಇರುವ ಉಬ್ಬಿಗೆ ಮಾತ್ರ ಫಿಲ್ಟರ್ ಬೇಕು.

ಸುರುಳಿ_ತಂತಿ:
ರಿಸೀವರ್ ಸೆಟ್ಟಿಂಗ್: ಸೆಂಟರ್ 'ಸ್ಮಾಲ್', ಕ್ರಾಸ್‌ಓವರ್ 150. ಸ್ವಯಂಚಾಲಿತ ಕ್ಯಾಲಿಬ್ರೇಷನ್ ಕೆಲವೊಮ್ಮೆ 80 ಅಥವಾ 100 ಎಂದು ಬರೆದುಬಿಡುತ್ತದೆ, ಮೇಲಕ್ಕೆ ಬದಲಿಸಿ. ಆವರ್ತನ ಅರ್ಧಕ್ಕಿಳಿದರೆ ಅದೇ ಗಟ್ಟಿತನಕ್ಕೆ ಕೋನ್ ನಾಲ್ಕು ಪಟ್ಟು ಚಲಿಸಬೇಕು. 20 ವ್ಯಾಟ್ ಡ್ರೈವರ್‌ಗಳು ಸಾಯುವುದು ಹೆಚ್ಚಾಗಿ ಅಲ್ಲೇ. ರಿಸೀವರ್‌ನ ರೂಮ್ ಕರೆಕ್ಷನ್ ಆಡಿಸ್ಸಿ ಆಗಿದ್ದರೆ ಅದರ ಆ್ಯಪ್‌ನಲ್ಲಿ ಮಿಡ್‌ರೇಂಜ್ ಕಾಂಪೆನ್ಸೇಶನ್ ಆಫ್ ಮಾಡಿ. ಅದು ಎರಡು-ವೇ ಸ್ಪೀಕರ್‌ಗಳನ್ನು ಮನಸ್ಸಿನಲ್ಲಿಟ್ಟು 2000 ಹರ್ಟ್ಸ್ ಆಸುಪಾಸು ತಗ್ಗಿಸುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಅಲ್ಲಿ ಕ್ರಾಸ್‌ಓವರ್ರೇ ಇಲ್ಲ.

ಕಡಲತೀರ:
ಎವಿ ರಿಸೀವರ್ ಇಲ್ಲದೆ ಸಾದಾ ಆಂಪ್ಲಿಫಯರ್‌ಗೆ ಜೋಡಿಸುವವರು ಸಾಲಾಗಿ ಕೆಪಾಸಿಟರ್ ಹಾಕಿದರೆ ಆಗುತ್ತದೆಯೇ? 8 ಓಮ್, 100 ಹರ್ಟ್ಸ್‌ಗೆ 200 ಮೈಕ್ರೋಫ್ಯಾರಡ್ ಎಂದು ಲೆಕ್ಕ ಬರುತ್ತದೆ.

ಸುರುಳಿ_ತಂತಿ:
ಕಾಗದದ ಮೇಲೆ ಸರಿ. ಆದರೆ 141 ಹರ್ಟ್ಸ್ ಹತ್ತಿರ ಪೆಟ್ಟಿಗೆಯ ರೆಸೊನೆನ್ಸ್‌ನಿಂದ ಇಂಪೀಡೆನ್ಸ್ 8ರ ಹಲವು ಪಟ್ಟು ಏರಿರುತ್ತದೆ, ಆದ್ದರಿಂದ ಕೆಪಾಸಿಟರ್ ಅಂದುಕೊಂಡ ಕಡೆ ಕಡಿಯುವುದಿಲ್ಲ, ಕೆಲವೊಮ್ಮೆ ಅಲ್ಲೇ ಸಣ್ಣ ಉಬ್ಬು ಎಬ್ಬಿಸುತ್ತದೆ. ಆಂಪ್ಲಿಫಯರ್‌ನ ಒಳಹರಿವಿನಲ್ಲಿ ಹೈಪಾಸ್ ಮಾಡುವುದು ಅಗ್ಗ ಮತ್ತು ಖಚಿತ: ಇನ್‌ಪುಟ್ ಇಂಪೀಡೆನ್ಸ್ 20 ಕಿಲೋಓಮ್ ಇದ್ದರೆ ಸಾಲಾಗಿ 0.056 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ 140 ಹರ್ಟ್ಸ್ ಕೊಡುತ್ತದೆ. ಇಳಿತ ಆಕ್ಟೇವ್‌ಗೆ 6 ಡೆಸಿಬೆಲ್ ಮಾತ್ರ, ಹಾಗಾಗಿ ವಾಲ್ಯೂಮ್‌ನಲ್ಲಿ ಸಂಯಮ ಬೇಕು.

ದನಿಪೆಟ್ಟಿಗೆ:
ಸರಿ, 16 ಓಮ್ ಎರಡು ಡ್ರೈವರ್, 4.7 ಮಿಲಿಹೆನ್ರಿ ಒಂದು, 5.6 ಮತ್ತು 6.8 ಓಮ್ 10 ವ್ಯಾಟ್ ರೆಸಿಸ್ಟರ್ ಒಂದೊಂದು, ಮರೀನ್ ಪ್ಲೈ ತುಂಡುಗಳು ಪಟ್ಟಿಗೆ ಸೇರಿದವು. 'ಎ' ಯಾವ ಬದಿಗೆ ಬರಬೇಕು?

ಅಲೆ_ಅಳತೆ:
ಯಾವ ಬದಿಯಾದರೂ ಸರಿ. ಪೆಟ್ಟಿಗೆಯನ್ನು 5 ಸೆಂ.ಮೀ. ಸರಿಸಿ, 'ಎ' ಟಿವಿಯ ನಡುಗೆರೆಗೆ ಬರುವಂತೆ ಇಡಿ. ಪಿಂಕ್ ನಾಯ್ಸ್ (ಎಲ್ಲ ಆವರ್ತನ ಬೆರೆತ 'ಶ್' ಸದ್ದು) ಹಾಕಿ ಸೋಫಾದ ಒಂದು ತುದಿಯಿಂದ ಇನ್ನೊಂದಕ್ಕೆ ತಲೆ ಸರಿಸುತ್ತ ಹೋಗಿ, 'ಶ್' ಬಣ್ಣ ಬದಲಿಸದೆ ಉಳಿಯಬೇಕು. ಬದಲಾದರೆ ಕಾಯಿಲ್ 'ಬಿ'ಯ ತಂತಿಯಲ್ಲೇ ಇದೆಯೇ ಎಂದು ನೋಡಿ. ಎರಡಕ್ಕೂ ಸೇರುವ ಮುಖ್ಯ ತಂತಿಯಲ್ಲಿ ಕಾಯಿಲ್ ಕೂತರೆ ಇಡೀ ಸ್ಪೀಕರ್ ಮಂಕಾಗುತ್ತದೆ, ಬಾಚಣಿಗೆಯೂ ಹೋಗುವುದಿಲ್ಲ.